ಪ್ರೆಸ್ಸಿಗೆ ಉಡಿ ತುಂಬಿದವರು

ಕಾಕಾ ಊಟಕ್ಕೆ ಕೂತರೆ ಮೊದಲ ತುತ್ತನ್ನು ತಮ್ಮ ಬಾಯಿಗೆ ಇಡುತ್ತಿರಲಿಲ್ಲ. ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ, ಪಕ್ಕದಲ್ಲಿ ಯಾರು ಕೂತಿರುತ್ತಾರೋ ಅವರ ಬಾಯಿಗೆ ಇಡುತ್ತಿದ್ದರು. ಬೇಡ ಎಂದರೆ ಬಿಡುವ ಆಸಾಮಿಯಲ್ಲ. "ಬಾಯಿ ತಗೀ ರಾ" ಎಂದು ಗದರುತ್ತಿದ್ದರು. ತೆಲಂಗಾಣದ ಗಡಿಗಿರುವ, ಸೇಡಂ ತಾಲ್ಲೂಕಿನ ಮುಧೋಳ ಅವರ ಊರು. ಆ ಗಡಿಯ ತೆಲುಗು ಅವರ ಮಾತಿನ ಕೊನೆಗೆ ಒಂದು 'ರಾ' ಆಗಿ ಅಂಟಿಕೊಂಡು ಶಹಾಬಾದಿನವರೆಗೂ ಬಂದಿತ್ತು. ಆ ಕೈಯಿಂದ ನಾನು ತಿಂದ ತುತ್ತುಗಳಿಗೆ ಲೆಕ್ಕವಿಲ್ಲ. ಈಗ ನೆನೆದರೆ ಊಟ ಬಿಟ್ಟು ಏಳುತ್ತೇನೆ. ಅದು ದುಃಖಕ್ಕೆ ಎಂದು ಯಾರೂ ತಿಳಿಯಬೇಡಿ, ಸಿಟ್ಟಿಗೆ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಆಡುತ್ತೇನೆ, ಒಳ್ಳೆಯದು ಬೇಕಾದಷ್ಟಿದೆ. ಅದೇ ನನ್ನ ತಕರಾರು ಕೂಡ. ಕೆಟ್ಟ ಮನುಷ್ಯ ಮೋಸ ಮಾಡಿದರೆ ಬೈದು ಮರೆಯಬಹುದು. ಇವರನ್ನು ಏನು ಮಾಡಲಿ?

ಶಹಾಬಾದಿನ ಒಂದು ಕಲ್ಲಿನ ಕಾರ್ಖಾನೆಯಲ್ಲಿ ಅವರು ಮೇಸ್ತ್ರಿ. ನಮ್ಮ ಕಡೆ ನೆಲಕ್ಕೆ ಹಾಸುವ ಪರಸಿಯನ್ನು ಕೊಯ್ಯುವ, ಪಾಲಿಶ್ ಮಾಡುವ ಕಾರ್ಖಾನೆಗಳು ಬೀದಿಬೀದಿಗೆ ಇವೆ. ಅವುಗಳಲ್ಲಿ ಒಂದು ಅದು. ಅಲ್ಲಿ ಕೆಲಸ ಮಾಡುವವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಅವರ ಹೆಸರು ಹಿಡಿದು ಕರೆದದ್ದನ್ನು ನಾನಂತೂ ಕೇಳಿಲ್ಲ. ಕಾರ್ಖಾನೆಯ ಒಡೆಯ ಸಾವ್ಕಾರನೂ ಕಾಕಾ ಎನ್ನುತ್ತಿದ್ದ, ಅವನಿಗೆ ಇವರಿಗಿಂತ ವಯಸ್ಸಾಗಿದ್ದರೂ.

ಖಾಕಿ ಪ್ಯಾಂಟು, ಬಿಳಿ ಬನಿಯನ್, ಹೆಗಲ ಮೇಲೊಂದು ಟವೆಲ್ಲು. ಹಣೆಯ ತುಂಬ ವಿಭೂತಿ. ಕಾರ್ಖಾನೆಯ ಧೂಳೂ ಬೂದುಬಣ್ಣದ್ದೇ ಆದ್ದರಿಂದ ಮಧ್ಯಾಹ್ನದ ಹೊತ್ತಿಗೆ ವಿಭೂತಿ ಎಲ್ಲಿ ಮುಗಿದು ಧೂಳು ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. "ಕಾಕಾ, ಇವತ್ತ ಮೈತುಂಬ ಹಚ್ಕೊಂಡು ಬಂದೀರಲ್ಲ" ಎಂದು ನಾವು ಚೇಷ್ಟೆ ಮಾಡಿದರೆ, "ನೀವೂ ಹಚ್ಕೊಳ್ರೋ, ಪುಕ್ಕಟ ಅದ" ಎನ್ನುತ್ತಿದ್ದರು. ಆ ಪುಕ್ಕಟೆಯ ಧೂಳೇ ಕೊನೆಗೆ ಅವರ ಎದೆ ಹಿಡಿಯಿತು.

ಅವರ ಪ್ಯಾಂಟಿನ ಕಿಸೆಯಲ್ಲಿ ಸದಾ ಬೆಲ್ಲದ ಹೆಂಟೆ ಇರುತ್ತಿತ್ತು. ಶಹಾಬಾದಿನ ಬ್ಯಾಸಗಿ ಗೊತ್ತಿದ್ದವರಿಗೆ ಗೊತ್ತು. ಮೇಲೆ ತಗಡು, ಕೆಳಗೆ ಕಲ್ಲು, ನಡುವೆ ನಾವು. ಯಾರ ಕಣ್ಣು ಮೇಲೆ ಹೋಗುತ್ತಿದೆ ಎಂದು ಅವರಿಗೆ ದೂರದಿಂದಲೇ ತಿಳಿಯುತ್ತಿತ್ತು. ಬಂದು ಕೂರಿಸಿ, ಕಿಸೆಯಿಂದ ಬೆಲ್ಲ ತೆಗೆದು, ಅದಕ್ಕೆ ಅಂಟಿದ ನೂಲನ್ನು ಬಾಯಿಂದ ಊದಿ, ನಮ್ಮ ಬಾಯಿಗೆ ಹಾಕಿ ಮೇಲೆ ನೀರು ಕುಡಿಸುತ್ತಿದ್ದರು. ಊದಿದರೂ ನೂಲು ಹೋಗುತ್ತಿರಲಿಲ್ಲ. ಎಷ್ಟೋ ಬ್ಯಾಸಗಿ ನಾವು ಕಾಕಾನ ಪ್ಯಾಂಟನ್ನೇ ತಿಂದಿದ್ದೇವೆ.

ಕಲ್ಲು ಹೊರುವ ಹೆಂಗಸರಿಗೆ ನೆರಳಿಲ್ಲ ಎಂದು ಅವರು ಸಾವ್ಕಾರನ ಜೊತೆ ಜಗಳ ತೆಗೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜಗಳ ಎಂದರೆ ಬಾಯಿಯದಲ್ಲ. ಸಾವ್ಕಾರ ಬರುವ ಹೊತ್ತಿಗೆ ಅವನ ಕುರ್ಚಿಯನ್ನು ಎತ್ತಿ ಬಿಸಿಲಲ್ಲಿಟ್ಟು, "ಕುಂದ್ರಿ ಸಾವ್ಕಾರ್ರ, ಇಲ್ಲೇ ಮಾತಾಡೂಣು" ಎಂದರು. ಸಾವ್ಕಾರ ಒಂದು ನಿಮಿಷ ಕೂತು ಎದ್ದ. ಆ ವಾರವೇ ಅಲ್ಲೊಂದು ತಗಡಿನ ಚಪ್ಪರ ಎದ್ದಿತು. ಇಂಥ ಮನುಷ್ಯನನ್ನು ನಂಬದೆ ಇನ್ಯಾರನ್ನು ನಂಬುತ್ತೀರಿ?

ಹೊಸಬರು ಯಾರೇ ಕೆಲಸಕ್ಕೆ ಬರಲಿ, ಅವರ ಎಡಗೈಯನ್ನು ತಮ್ಮ ಕೈಯಲ್ಲಿ ಹಿಡಿದು ಅಂಗೈ ಬಿಡಿಸಿ ತೋರಿಸುತ್ತಿದ್ದರು. "ಇದು ಲಿಂಗಯ್ಯ ಕುಂದ್ರೂ ಜಾಗ. ಜ್ವಾಕಿ." ನಮ್ಮಂಥ ಲಿಂಗ ಕಟ್ಟಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ದಿನಾ ಬೆಳಗ್ಗೆ ಇಷ್ಟಲಿಂಗವನ್ನು ಎಡ ಅಂಗೈಯ ಮೇಲಿಟ್ಟುಕೊಂಡೇ ಪೂಜೆ. ಲಿಂಗ ಕಟ್ಟದವರಿಗೂ, ಗಡಿಯಾಚೆಯಿಂದ ಬಂದ ಮುಸ್ಲಿಂ ಹುಡುಗರಿಗೂ ಅದೇ ಮಾತು. ಅವರೂ ತಲೆ ಆಡಿಸುತ್ತಿದ್ದರು. ನನ್ನ ಅಂಗೈಯನ್ನೂ ಹಾಗೇ ಬಿಡಿಸಿ ನೋಡಿದ್ದರು. ತಂದೆಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ನನಗೆ ಆ ಹಿಡಿತ ಹಿಡಿಸಿಬಿಟ್ಟಿತು. ನಾನು ದಿನಾ ವಾಡಿಯಿಂದ ಪ್ಯಾಸೆಂಜರ್ ಹತ್ತಿ ಬರುತ್ತಿದ್ದೆ. ಕಾಕಾ ಇದ್ದಾರೆ ಎಂಬುದೇ ನನಗೆ ಆ ಕಾರ್ಖಾನೆ.

ಈಗ ಪ್ರೆಸ್ಸಿನ ವಿಷಯಕ್ಕೆ ಬರುತ್ತೇನೆ.

ಅಂಗಳಕ್ಕೆ, ತೋಟದ ದಾರಿಗೆ ಹಾಸಲು ಒರಟು ಮುಖದ ಸಣ್ಣ ಚೌಕಗಳು ಬೇಕು ಎಂದು ಹೊರಗಿನವರು ಕೇಳತೊಡಗಿದ ಕಾಲ. ಅದಕ್ಕೆ ಸಾವ್ಕಾರ ಎಲ್ಲಿಂದಲೋ ಒಂದು ಹಳೆಯ ಪ್ರೆಸ್ ತರಿಸಿದ್ದ. ಎರಡು ಕಂಬ, ನಡುವೆ ಮೇಲೊಂದು ಕೆಳಗೊಂದು ದಪ್ಪ ಉಕ್ಕಿನ ಅಲಗು. ಅಲಗುಗಳ ನಡುವೆ ಕಲ್ಲು ಇಟ್ಟು ಬಟನ್ ಒತ್ತಿದರೆ ಮೇಲಿನದು ಇಳಿದು ಕಲ್ಲನ್ನು ಸೀಳುತ್ತದೆ. ಬಟನ್ ಬಲಗಡೆಯ ಕಂಬದ ಮೇಲಿತ್ತು. ಎಡಗಡೆಯ ಕಂಬದ ಮೇಲೆ ದೇವಿ ಇದ್ದಳು.

ದೇವಿ ಎಂದರೆ ಮೂರ್ತಿಯಲ್ಲ. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ನಮ್ಮಲ್ಲಿ ಮಷಿನ್ನುಗಳನ್ನೆಲ್ಲ ತೊಳೆದು ಪೂಜೆ ಮಾಡುತ್ತಾರೆ, ಎಲ್ಲ ಕಡೆಯೂ ಉಂಟು. ಆದರೆ ಕಾಕಾ ಪ್ರೆಸ್ಸಿಗೆ ಮಾತ್ರ ಉಡಿ ತುಂಬುತ್ತಿದ್ದರು. ಹೆಣ್ಣುದೇವರಿಗೆ, ಮನೆಗೆ ಬಂದ ಹೆಣ್ಣುಮಗಳಿಗೆ ತುಂಬುತ್ತೇವಲ್ಲ, ಹಾಗೇ: ಹಸಿರು ರವಿಕೆಖಣ, ಅಕ್ಕಿ, ಅರಿಸಿನದ ಕೊಂಬು, ಅಡಿಕೆ. ಅದನ್ನೆಲ್ಲ ಎಡಗಂಬದ ಮೇಲಿಟ್ಟು ಖಣದಿಂದ ಬಿಗಿಯಾಗಿ ಸುತ್ತಿ ಕಟ್ಟುತ್ತಿದ್ದರು. ಹಳೆಯ ಖಣವನ್ನು ಬಿಚ್ಚುತ್ತಿರಲಿಲ್ಲ, ಅದರ ಮೇಲೇ ಹೊಸದು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅದು ತೆಂಗಿನಕಾಯಿಯಷ್ಟು ಗಾತ್ರ ಆಗಿತ್ತು. ಕಟ್ಟುವಾಗ ನಾವೆಲ್ಲ ಹೊರಗೆ ಕೈಕಾಲು ತೊಳೆಯಲು ಹೋಗಬೇಕು. ಬಂದ ಮೇಲೆ ಆರತಿ. ಯಾರೂ ಅದನ್ನು ಮುಟ್ಟುವಂತಿಲ್ಲ. ಮುಟ್ಟುವ ಮನಸ್ಸಾದರೂ ಯಾರಿಗೆ ಬಂದೀತು? ಬೆಳಗ್ಗೆ ಪ್ರೆಸ್ ಮೇಲೆ ನಿಂತವನು ಮೊದಲು ಎಡಗಂಬಕ್ಕೆ ಕೈಮುಗಿದು ಆಮೇಲೆ ಬಲಗಂಬದ ಬಟನ್ ಒತ್ತುತ್ತಿದ್ದ.

ಬಲಗೈ ಬಟನ್ ಮೇಲೆ, ಎಡಗೈ ಕಲ್ಲಿನ ಮೇಲೆ. ಪ್ರೆಸ್ ನಡೆಸುವ ರೀತಿ ಅದು. ಕಲ್ಲು ಸ್ವಲ್ಪ ಹೊರಳಿದರೆ ಎಡಗೈಯಿಂದ ಸರಿಮಾಡುವುದು, ಬಲಗೈಯಿಂದ ಒತ್ತುವುದು. ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದವು, ತಲೆ ಬೇರೆಲ್ಲೋ ಇರುತ್ತಿತ್ತು. ಒಂದು ದಿನ ಎಡಗೈ ಇನ್ನೂ ಕಲ್ಲನ್ನು ಸರಿಮಾಡುತ್ತಿರುವಾಗಲೇ ಬಲಗೈ ಒತ್ತಿಬಿಟ್ಟಿತು. ಅಷ್ಟೇ. ಈಗ ನನ್ನ ಎಡಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಉಳಿದಿವೆ, ನಡುವೆ ಖಾಲಿ.

ಆಮೇಲಿನದೆಲ್ಲ ಕಾಕಾನದೇ. ಟವೆಲ್ ಸುತ್ತಿದ್ದು ಕಾಕಾ. ಜೀಪಿನಲ್ಲಿ ಕಲಬುರಗಿಯವರೆಗೆ ನನ್ನ ಮೊಣಕೈಯನ್ನು ಮೇಲಕ್ಕೆತ್ತಿ ಹಿಡಿದು ಕೂತದ್ದು ಕಾಕಾ. ಆಸ್ಪತ್ರೆಯಲ್ಲಿ ನನ್ನ ತಾಯಿ ಗೋಡೆಗೆ ಒರಗಿ ಅಳುತ್ತಿದ್ದರೆ, ಅವಳಿಗೂ ನನಗೂ ಒಂದೇ ತಟ್ಟೆಯಲ್ಲಿ ಕಲಸಿ ತುತ್ತಿಟ್ಟದ್ದು ಕಾಕಾ. ನಾನು ಒಂದೇ ಸಮ ಕೇಳುತ್ತಿದ್ದೆ: "ಯಾಕ ಹಿಂಗಾಯ್ತು ಕಾಕಾ? ಯಾಕ ಹಿಂಗಾಯ್ತು?" ಅವರು ನನ್ನ ತಲೆ ಸವರುತ್ತ ಒಂದು ಸಲ ಮೆಲ್ಲಗೆ ಕೇಳಿದರು.

"ಅವತ್ತ ಜಳಕಾ ಮಾಡಿ ಬಂದಿದ್ದೇನು?"

ಮಾಡಿರಲಿಲ್ಲ. ನಳದಲ್ಲಿ ನೀರು ಬಂದಿರಲಿಲ್ಲ, ಗಾಡಿಯ ಹೊತ್ತಾಗಿತ್ತು, ಮುಖ ತೊಳೆದು ಓಡಿದ್ದೆ.

"ಹಂಗ ದೇವಿ ಮುಂದ ನಿಂತಿ" ಎಂದರು ಕಾಕಾ. ಬೈಯುವ ದನಿಯಲ್ಲಲ್ಲ. ಅಯ್ಯೋ ಎನ್ನುವ ದನಿಯಲ್ಲಿ. "ಇರ್ಲಿ ಬಿಡು, ಜೀವಾ ಉಳಿಸ್ಯಾಳ."

ಸರ್ಕಾರದ ಕಡೆಯಿಂದ ವಿಚಾರಣೆಗೆ ಬಂದ ಅಧಿಕಾರಿಗೆ ನಾನು ಹಾಸಿಗೆಯಲ್ಲಿ ಮಲಗಿಯೇ ಹೇಳಿದೆ: ಮಷಿನ್ ಸರಿ ಇತ್ತು ಸಾಹೇಬರ, ನಂದೇ ತಪ್ಪು. ಜಳಕದ ವಿಷಯ ಅವರಿಗೆ ಹೇಳಬಾರದು ಎಂಬಷ್ಟು ಬುದ್ಧಿ ಇತ್ತು. ಮನೆಯಲ್ಲಿ ಹೇಳಿದೆ. ಅಂದಿನಿಂದ ಚಳಿಯಿರಲಿ, ಜ್ವರವಿರಲಿ, ತಲೆಯ ಮೇಲೆ ನೀರು ಹೊಯ್ದುಕೊಳ್ಳದೆ ಹೊಸ್ತಿಲು ದಾಟಿಲ್ಲ. ಮಂಗಳವಾರ ಒಪ್ಪತ್ತು. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ, "ನೀವು ನನ್ನ ಮದಿವಿ ಆಗೂದ್ಕಿಂತ ಜಳಕದ ಹಂಡೇನ ಆಗಿದ್ರ ಛಲೋ ಇತ್ತು, ದಿನಾ ಮೊದಲ ಅದರ ಹತ್ರಾನೇ ಹೋಗ್ತೀರಿ" ಎಂದು ಕಾಡುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲಿನ ಒಂದು ಬೆಳಗ್ಗೆಯನ್ನು ಹೇಳಲೇಬೇಕು. ಪೂಜೆಗೆ ಕೂತರೆ ಲಿಂಗ ಅಂಗೈಯಲ್ಲಿ ನಿಲ್ಲಲಿಲ್ಲ. ಬೆರಳುಗಳ ಆಸರೆ ಇಲ್ಲ, ಜಾರಿ ಮಡಿಲಿಗೆ ಬಿತ್ತು. ಬಲಗೈಯಲ್ಲಿಟ್ಟುಕೋ ಎಂದಳು ತಾಯಿ. ನಾನು ಒಲ್ಲೆ ಎಂದು ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಿದೆ. ಅಂದೇ ಕಾಕಾ ವಾಡಿಗೆ ಬಂದರು. ತಾಯಿ ಹೇಳಿದ್ದನ್ನು ಕೇಳಿ ಚಹಾ ಕೂಡ ಕುಡಿಯದೆ ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತರು. ತಮ್ಮ ಎಡ ಅಂಗೈಯನ್ನು ನನ್ನ ಎಡಗೈಯ ಕೆಳಗಿಟ್ಟರು. ನನ್ನ ಬೆರಳಿಲ್ಲದ ಕಡೆ ಅವರ ಬೆರಳು ಮೇಲೆ ಬಂದು ಬೇಲಿಯಂತೆ ನಿಂತವು. ಲಿಂಗ ಇಟ್ಟು, "ಈಗ ಮಾಡು ಪೂಜಿ" ಎಂದರು. ಪೂಜೆ ಮುಗಿಯುವತನಕ ಅವರ ಕೈ ಅಲುಗಲಿಲ್ಲ. ಅವರ ಕಣ್ಣಿಂದ ನೀರು ಇಳಿದು ಬನಿಯನ್ ಮೇಲೆ ಬೀಳುತ್ತಿತ್ತು. ನನಗೂ ಅಷ್ಟೇ. ಹೆತ್ತ ಅಪ್ಪ ಇದ್ದಿದ್ದರೂ ಇಷ್ಟು ಮಾಡುತ್ತಿದ್ದನೋ ಇಲ್ಲವೋ ಎಂದುಕೊಂಡೆ. ಆ ಕಣ್ಣೀರು ಸುಳ್ಳಲ್ಲ ಎಂದು ನಾನು ಇಂದಿಗೂ ಆಣೆ ಮಾಡಿ ಹೇಳಬಲ್ಲೆ. ಸುಳ್ಳಾಗಿದ್ದರೆ ಎಷ್ಟು ಹಗುರ ಇರುತ್ತಿತ್ತು.

ಕಾರ್ಖಾನೆಯ ಕೆಲಸ ಮುಗಿಯಿತು. ವಾಡಿಯಲ್ಲಿ ಮಷಿನ್ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕೌಂಟರ್ ಮೇಲೆ ಕೂರುವ ಕೆಲಸ ಸಿಕ್ಕಿತು. ಅದೂ ಕಾಕಾನ ಶಿಫಾರಸೇ. ಬೇರಿಂಗು, ಬೆಲ್ಟು, ಸ್ವಿಚ್ಚು ಕೊಡುತ್ತ ವರ್ಷಗಳು ಹೋದವು. ಹಬ್ಬಕ್ಕೆ ಅವರ ಮನೆಗೆ ನಾವು, ನಮ್ಮ ಮನೆಗೆ ಅವರು. ಬನ್ನಿ ಹಂಚುವ ದಿನ ಅವರು ನನ್ನ ಎಡಗೈಯನ್ನೇ ಕೇಳಿ ಪಡೆದು ಅದರಲ್ಲಿ ಬನ್ನಿ ಇಡುತ್ತಿದ್ದರು.

ಹೋದ ವರ್ಷ ಒಬ್ಬ ಮೆಕ್ಯಾನಿಕ್ ಅಂಗಡಿಗೆ ಬಂದ. ಹೈದರಾಬಾದ್ ಕಡೆಯವನು, ಮಾತಿನ ಮಲ್ಲ.

"ಜೋಡಿ ಬಟನ್ ಅದಾವೇನ್ರಿ? ದೋ ಹಾಥ್ ವಾಲಾ. ಕಲ್ಲ ಸೀಳೂ ಪ್ರೆಸ್‌ದು."

"ಒಂದ ಬಟನ್ ಇರ್ತದಲ್ಲ ಅದಕ್ಕ?" ಎಂದೆ.

ಅವನು ನಕ್ಕ. "ಒಂದ ಇದ್ರ ಇನ್ನೊಂದು ಕೈ ಖಾಲಿ ಉಳೀತದಲ್ರಿ. ಖಾಲಿ ಕೈ ಎಲ್ಲಿ ಹೋಗ್ತದ? ಬ್ಲೇಡ್ ಕೆಳಗ ಹೋಗ್ತದ. ಆದಮೀದು ಆದತ್ ಅದ. ಅದಕ್ಕ ಬಲಕ್ಕೊಂದು ಎಡಕ್ಕೊಂದು. ಎರಡೂ ಕೈ ಕೂಡೇ ಒತ್ತಿದ್ರ ಮಾತ್ರ ಇಳೀತದ. ಕೈ ಎರಡೂ ಹೊರಗ, ಬ್ಲೇಡ್ ಒಳಗ. ಬೇಫಿಕರ್." ಹಾಗೆಂದು ತನ್ನ ಎರಡೂ ಕೈಗಳನ್ನು ಅಗಲಿಸಿ ನನ್ನ ಕೌಂಟರಿನ ಎರಡು ತುದಿಗೆ ಇಟ್ಟು ತೋರಿಸಿದ. "ಹಳೀ ಪ್ರೆಸ್‌ದಾಗ ಒಂದು ಖೊಟ್ಟಿ ಅದ. ಒಂದು ಬಟನ್ ಒತ್ತಿ ಹಿಡಿದು ಕಟ್ಟಿಬಿಟ್ರ, ಇನ್ನೊಂದರ ಮ್ಯಾಲೇ ನಡೀತದ. ಬದ್ಮಾಶ್ ಮಂದಿ ಹಂಗೂ ಮಾಡ್ತಾರ."

ಎಡಗಡೆಯ ಬಟನ್ ಎಲ್ಲಿರುತ್ತದೆ ಎಂದು ಕೇಳಿದೆ. ಕಂಬದ ಮೇಲೆ, ಬಲಗಡೆಯದಕ್ಕೆ ಸರಿಯಾಗಿ ಎದುರಿಗೆ ಎಂದ. ಅಲ್ಲಿ ನಾನು ವರ್ಷಗಟ್ಟಲೆ ದಿನಾ ಬೆಳಗ್ಗೆ ಕೈಮುಗಿದಿದ್ದೆ.

ಆ ದಿನ ಅಂಗಡಿಯ ಶಟರ್ ಅರ್ಧಕ್ಕೆ ಎಳೆದು ಶಹಾಬಾದಿಗೆ ಹೋದೆ. ಕಾರ್ಖಾನೆಯ ಬೆನ್ನಿಗೇ ಅವರ ಮನೆ. ಕೆಲಸ ಬಿಟ್ಟು ಮಂಚ ಹಿಡಿದಿದ್ದರು. ಎದೆ ಗೊರ್ ಗೊರ್ ಎನ್ನುತ್ತಿತ್ತು. ನನ್ನನ್ನು ಕಂಡು ಮುಖ ಅರಳಿತು.

"ಬಾ ರಾ ತಮ್ಮಾ, ಕುಂದ್ರು. ಏ, ತಮ್ಮ ಬಂದಾನ, ಚಹಾ ಇಡು" ಎಂದು ಒಳಗಿದ್ದ ಕಾಕುಗೆ ಕೂಗಿದರು. ಕಾಕು ಎಂದರೆ ಅವರ ಹೆಂಡತಿ.

ನಾನು ಕೂರಲಿಲ್ಲ. "ಕಾಕಾ, ಪ್ರೆಸ್ಸಿನ ಎಡಗಂಬದ ಮ್ಯಾಲ ಏನದ?"

"ದೇವಿ ಕುಂತಾಳಲ್ಲೊ."

"ಅರಿವಿ ಒಳಗ ಏನದ ಅಂತ ಕೇಳ್ಲಿಕತ್ತೀನಿ."

ಅವರು ನನ್ನ ಮುಖ ನೋಡಿದರು. "ಅಡಿಕಿ" ಎಂದರು.

"ಅಡಿಕಿ ಕೆಳಗ?"

"ಬಟನ್."

ಸುಳ್ಳು ಹೇಳಲಿಲ್ಲ. ಸುಳ್ಳು ಹೇಳುತ್ತಾರೆ, ಆಗ ನಾನು ಕೂಗಾಡಬಹುದು ಎಂದುಕೊಂಡು ಹೋಗಿದ್ದೆ. ನನಗೆ ಆ ಭಾಗ್ಯವೂ ಸಿಗಲಿಲ್ಲ.

"ನಿಮಗ ಗೊತ್ತಿತ್ತು."

"ಕಟ್ಟಿದಂವ ನಾನು, ಗೊತ್ತಿರಲಾರದ ಏನು?" ಎಂದರು. ಕೆಮ್ಮಿ, ಸುಧಾರಿಸಿಕೊಂಡು ಹೇಳತೊಡಗಿದರು. "ಸಾವ್ಕಾರಗ ಏನೂ ಅನಬ್ಯಾಡ. ಅವಗ ಅದರ ತಲಿಬುಡಾ ತಿಳೀತಿದ್ದಿಲ್ಲ. ಎರಡೂ ಕೈ ಬಟನ್ ಮ್ಯಾಲ ಇಟ್ರ ಕಲ್ಲ ಹಿಡಿಯವ್ರು ಯಾರು? ಹೊರಳಿ ಹೊರಳಿ ಬೀಳ್ತಿತ್ತು, ದಿನಾ ಚೂರು. ಪ್ರೆಸ್ ಮಾರ್ತೀನಿ, ಇವ್ರನ್ನೆಲ್ಲಾ ಮನೀಗಿ ಕಳಸ್ತೀನಿ ಅಂತ ಕುಂತಿದ್ದ ಅಂವ. ಅವ್ರೆಲ್ಲಾ ಎಲ್ಲಿ ಹೋಗ್ತಿದ್ರು? ಅದಕ್ಕ ಕಟ್ಟಿದೆ."

"ಕಟ್ಟಿದ್ರಿ ಖರೆ. ದೇವೀನ ಯಾಕ ಕುಂದ್ರಿಸಿದ್ರಿ?"

"ಹಗ್ಗದ್ಲೆ ಕಟ್ಟಿದ್ರ ಯಾರರ ಬಿಚ್ಚತಿದ್ರಿ." ಅವರು ನನ್ನ ಕಡೆ ನೋಡಲಿಲ್ಲ. "ದೇವಿ ಅರಿವಿ ಯಾರು ಬಿಚ್ಚತಾರ?"

"ವಿಚಾರಣಿಗಿ ಸಾಹೇಬ ಬಂದಾಗ?"

"ನಾನಾ ಬಿಚ್ಚಿದ್ದೆ. ಅವತ್ತ ಎಲ್ಲಾರಿಗೂ ಸೂಟಿ ಕೊಟ್ಟಿದ್ದೆ. ಅಂವ ಹೋದ ಮ್ಯಾಲ ಮತ್ತ ಉಡಿ ತುಂಬಿದೆ."

"ಆಗ ದೇವಿ ನಿಮಗೇನೂ ಮಾಡ್ಲಿಲ್ಲೇನು ಕಾಕಾ? ನೀವು ಜಳಕಾ ಮಾಡಿದ್ರೇನು?"

ಅವರು ಕಣ್ಣು ಮುಚ್ಚಿಕೊಂಡರು. "ಏನರೆ ಒಂದು ಹೇಳಬೇಕಿತ್ತಲ್ಲೊ. ಯಾಕ ಹಿಂಗಾಯ್ತು, ಯಾಕ ಹಿಂಗಾಯ್ತು ಅಂತ ಒಂದೇ ಸವನ ಕೇಳ್ಲಿಕತ್ತಿದ್ದಿ. ನಂಗ ಅದನ್ನ ಕೇಳಸ್ಕೊಳ್ಳಾಕ ಆಗ್ಲಿಲ್ಲ."

ಕೇಳಿಸಿಕೊಳ್ಳಲು ಅವರಿಗೆ ಆಗಲಿಲ್ಲವಂತೆ. ಅದಕ್ಕೆ ಒಂದು ತುತ್ತು ಕಲಸಿ ನನ್ನ ಬಾಯಿಗೆ ಇಟ್ಟು ಸುಮ್ಮನಾಗಿಸಿದರು. ಅದನ್ನು ನಾನು ಇಷ್ಟು ವರ್ಷ ಜಗಿದಿದ್ದೆ. ಕೈ ಹೋದದ್ದಕ್ಕಿಂತ ನನಗೆ ಉರಿದದ್ದು ಆ ಜಳಕ. ಚಳಿಯಲ್ಲಿ ನಡುಗುತ್ತ ಯಾರಿಗೆ ತಪ್ಪೊಪ್ಪಿಕೊಂಡೆ ನಾನು? ಒಂದು ಅಡಿಕೆಗೆ.

ಕಾಕು ಚಹಾ ತಂದರು. ನಾನು ಹೊರಡಲು ತಿರುಗಿದೆ. ಕಾಕಾ ಮಂಚದಿಂದ ಕೈ ಚಾಚಿ ನನ್ನ ಎಡಗೈ ಹಿಡಿದರು. ಅದೇ ಹಿಡಿತ. "ಈ ಖಂಡೇಪೂಜಿಗಿ ನಾನಾ ಹೋಗಿ ನಿಂತು ಬಿಚ್ಚಸ್ತೀನಿ. ಎಲ್ಲಾರ ಮುಂದ ಹೇಳ್ತೀನಿ. ಈ ನಿನ್ನ ಕೈ ಮ್ಯಾಲ ಆಣಿ" ಎಂದರು. ಚಹಾ ಮುಟ್ಟದೆ ಬಂದೆ.

ಆದರೆ ನಂಬಿದೆ. ನಂಬಿಕೆ ಒಂದು ಕೆಟ್ಟ ಚಟ, ಬೀಡಿ ಸಿಗರೇಟಿನಂತೆ ಬಿಟ್ಟೆ ಎಂದರೆ ಬಿಡುವುದಲ್ಲ. ನಾನೇ ಹೋಗಿ ಸಾವ್ಕಾರನಿಗೆ ಹೇಳೋಣ ಎಂದು ಎದ್ದವನು, ಇಲ್ಲ, ಕಾಕಾ ತಮ್ಮ ಬಾಯಿಂದಲೇ ಹೇಳಲಿ, ಅಷ್ಟಾದರೂ ಅವರಿಗೆ ಉಳಿಯಲಿ ಎಂದು ಕೂತೆ. ದಸರೆಯಲ್ಲಿ ಕಾಕು ಫೋನ್ ಮಾಡಿ, "ಬ್ಯಾಡಂದ್ರೂ ಕೇಳ್ಲಿಲ್ಲ ತಮ್ಮಾ, ಆಟೋದಾಗ ಕುಂತು ಪೂಜಿಗಿ ಹೋಗಿ ಬಂದಾರ" ಎಂದಾಗ, ಮಾತು ಉಳಿಸಿಕೊಂಡರು ಎಂದು ಒಬ್ಬನೇ ಕೂತು ಅತ್ತೆ. ಅಂದಿನಿಂದ, ಬಿಡಲಾಗದೆ ಉಳಿದಿದ್ದ ಬೆಳಗಿನ ಜಳಕದಲ್ಲಿ ನಡುಕ ಕಡಿಮೆಯಾಯಿತು.

ಚಳಿಗಾಲ ಮುಗಿಯುವ ಮುಂಚೆ ಅವರು ತೀರಿಕೊಂಡರು. ಮುಧೋಳದ ಹೊಲದಲ್ಲಿ ಮಣ್ಣು ಮಾಡಿದಾಗ ಹಿಡಿ ಮಣ್ಣು ಹಾಕಿದೆ. ಎಡಗೈಯಿಂದಲೇ ಹಾಕಿದೆ. ಸಂದಿಯಲ್ಲಿ ಸೋರಿ ಸ್ವಲ್ಪವೇ ಬಿತ್ತು. ಕಾಕು ನನ್ನನ್ನು ಹಿಡಿದುಕೊಂಡು, "ಆರಾಧನಿ ದಿನ ನೀನಾ ನಾಕ್ ಮಾತು ಆಡಬೇಕು. ನಿಮ್ಮ ಕಾಕಾಗ ನಿನ್ನ ಮ್ಯಾಲ ಎಷ್ಟು ಜೀವ ಇತ್ತು ಮಂದಿಗಿ ಗೊತ್ತಾಗ್ಲಿ" ಎಂದರು. ಆಡುತ್ತೇನೆ ಎಂದೆ. ಮನಸ್ಸಿಟ್ಟು ಹೇಳಿದ್ದೆ. ಬೆಲ್ಲದ ನೂಲು, ಸಾವ್ಕಾರನ ಕುರ್ಚಿ, ಅಂಗೈ ಕೆಳಗಿನ ಅಂಗೈ, ಎಲ್ಲ ಹೇಳಬೇಕು ಎಂದುಕೊಂಡಿದ್ದೆ.

ತೀರಿಕೊಂಡವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆಯನ್ನು ಸಾವ್ಕಾರ ಕಾರ್ಖಾನೆಯಲ್ಲೇ ಇಟ್ಟುಕೊಂಡಿದ್ದ. ಮಷಿನ್ನುಗಳು ಬಂದ್. ಅವರು ಜಗಳವಾಡಿ ಎಬ್ಬಿಸಿದ ಚಪ್ಪರದ ಕೆಳಗೆ ಅವರದೇ ಫೋಟೋ, ಹಾರ, ವಿಭೂತಿ. ಶೆಡ್ಡಿನೊಳಗೆ ಪಂಕ್ತಿ. ನಾನು ಊಟಕ್ಕೆ ಕೂತೆ. ಹುಗ್ಗಿ ಬಡಿಸುತ್ತ ಬಂದ ಹೆಂಗಸು ನನ್ನ ಎಡಗೈ ನೋಡಿ ನಿಂತುಬಿಟ್ಟಳು. ನಡುವಯಸ್ಸು, ಮೊಣಕೈತನಕ ಹಸಿರು ಬಳೆ.

"ನೀವಾ ಏನ್ರಿ ಅವ್ರು?"

"ಯಾರವ್ವಾ?"

"ದೇವಿ ಅರಿವಿ ಬಿಚ್ಚಾಕ ಹೋಗಿ ಕೈ ಕಳಕೊಂಡವ್ರು."

"ಯಾರು ಹೇಳಿದ್ರು ನಿಂಗ?"

"ಕಾಕಾನಾ ಹೇಳ್ತಿದ್ರಲ್ರಿ. ಪ್ರೆಸ್ ಮ್ಯಾಲ ಯಾರು ಬಂದ್ರೂ ಮೊದಲ ಅದನ್ನಾ ಹೇಳೂದು. ವಾಡೀದಾಗ ಒಬ್ಬ ಅದಾನ, ಬೇಕಾದ್ರ ಹೋಗಿ ಅವನ ಕೈ ನೋಡಿ ಬರ್ರಿ ಅಂತಿದ್ರು. ಈ ಖಂಡೇಪೂಜಿಗೂ ಹೇಳಿದ್ರು. ಆಟೋದಾಗ ಬಂದು, ನಿಂದ್ರಾಕ ಆಗವಲ್ದು, ಆದ್ರೂ ತಾವಾ ಹೊಸಾ ಖಣಾ ಕಟ್ಟಿ ಹೋದ್ರು."

"ಈಗ ಪ್ರೆಸ್ ಯಾರು ನಡಸ್ತಾರ?"

"ನಾನಾ ರೀ" ಎಂದಳು, ಸ್ವಲ್ಪ ಹೆಮ್ಮೆಯಿಂದ.

ನಾನು ತಲೆಯೆತ್ತಿ ನೋಡಿದೆ. ಶೆಡ್ಡಿನ ಮೂಲೆಯಲ್ಲಿ ಪ್ರೆಸ್ ಇತ್ತು. ಎಡಗಂಬದ ಮೇಲೆ ಹಸಿರು ಗಂಟು, ನನ್ನ ಕಾಲಕ್ಕಿಂತ ದಪ್ಪ, ಹೊಸ ಖಣದ ಅಂಚು ಮಿನುಗುತ್ತಿತ್ತು. ನನ್ನ ಕೈ ಮೇಲೆ ಆಣೆ ಇಟ್ಟ ಕೈಯಿಂದಲೇ ಕಟ್ಟಿದ್ದು. ಅಷ್ಟು ಸಾಲದೆ, ಅದಕ್ಕೆ ಕಾವಲು ನಿಲ್ಲಿಸಿದ್ದು ನನ್ನ ಕೈಯನ್ನೇ. ಇಷ್ಟು ವರ್ಷ ನಾನು ವಾಡಿಯಲ್ಲಿ ಬೇರಿಂಗು ಮಾರುತ್ತಿದ್ದೇನೆ ಎಂದುಕೊಂಡಿದ್ದೆ. ಇಲ್ಲ, ನಾನು ಇಲ್ಲೇ ಕೆಲಸದಲ್ಲಿದ್ದೆ. ಪ್ರೆಸ್ ಮೇಲೆ ಬಂದವರನ್ನೆಲ್ಲ ಹೆದರಿಸುವ ಕೆಲಸ.

ಊಟವಾಯಿತು. ಯಾರೋ ಮೈಕ್ ಕೊಟ್ಟರು. ಕಾಕು ಮುಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಹಿಡಿದು ಕೂತಿದ್ದರು. ನಾನು ಮಾತು ಶುರುಮಾಡಿದೆ.

"ಕಾಕಾ ಮೊದಲನೇ ತುತ್ತು ತಾವು ತಿಂತಿದ್ದಿಲ್ಲ" ಎಂದೆ. ಎಲ್ಲರೂ ಹೌದೆಂದು ತಲೆ ಆಡಿಸಿದರು. ಕಾಕು ಅತ್ತರು. ಮೈಕನ್ನು ಕುರ್ಚಿಯ ಮೇಲಿಟ್ಟು ಪ್ರೆಸ್ಸಿನ ಕಡೆ ನಡೆದೆ.

ಗಂಟು ಕಾಕಾನದು, ಬೇಗ ಬಿಚ್ಚುವುದಲ್ಲ. ಎಡಗೈಯ ಉಳಿದ ಎರಡು ಬೆರಳಲ್ಲಿ ಅದನ್ನು ಹಿಡಿದು ಬಲಗೈಯಿಂದ ಎಳೆದೆ. ಬರಲಿಲ್ಲ. ಹಲ್ಲು ಹಚ್ಚಿದೆ. ಹಿಂದೆ ಗದ್ದಲ ಎದ್ದಿತು. "ಏ, ದೇವಿ, ದೇವಿ ಅರಿವಿ!" ಎಂದು ಯಾರೋ ಕೂಗಿದರು. ಹಿಡಿಯಲು ಮಾತ್ರ ಯಾರೂ ಹತ್ತಿರ ಬರಲಿಲ್ಲ. ನನ್ನನ್ನು ಮುಟ್ಟಲು ಅವರಿಗೆ ಭಯ. ಕಾಕಾ ಆ ಭಯವನ್ನು ಅಷ್ಟು ಚೆನ್ನಾಗಿ ಕಲಿಸಿದ್ದರು. ಖಣದ ಕೆಳಗೆ ಖಣ, ಅದರ ಕೆಳಗೆ ಖಣ, ಹುಳ ಹಿಡಿದ ಅಕ್ಕಿ ಕಾಲ ಮೇಲೆ ಸುರಿಯಿತು. ಕೊನೆಯ ಸುತ್ತು ಸಡಿಲವಾದಾಗ ಅಡಿಕೆ ಉರುಳಿ ಬಿತ್ತು. ಅದರ ಕೆಳಗಿನಿಂದ ಒಂದು ದಪ್ಪ ಬಟನ್ ಮೇಲೆದ್ದು ಬಂತು.

ಗೋಡೆಯ ಮೇನ್ ಸ್ವಿಚ್ ಹಾಕಿದೆ. ಬಲಗಡೆಯ ಬಟನ್ ಒಂದನ್ನೇ ಒತ್ತಿದೆ. ಅಲಗು ಅಲುಗಲಿಲ್ಲ. ಮತ್ತೆ ಒತ್ತಿದೆ, ಎಲ್ಲರಿಗೂ ಕಾಣುವಂತೆ. ಅಲುಗಲಿಲ್ಲ. ಆಮೇಲೆ ನನ್ನ ಮೊಂಡು ಎಡ ಅಂಗೈಯನ್ನು ಎಡಗಂಬದ ಬಟನ್ ಮೇಲಿಟ್ಟು ಎರಡನ್ನೂ ಕೂಡಿಯೇ ಒತ್ತಿದೆ. ಅಲಗು ಧಡ್ ಎಂದು ಇಳಿಯಿತು. ನನ್ನ ಎರಡೂ ಕೈ ಹೊರಗಿದ್ದವು.

ಗದ್ದಲ ನಿಂತಿತು. ಕಾಕು ಎದ್ದು ನಿಂತು ಒಮ್ಮೆ ನನ್ನನ್ನು, ಒಮ್ಮೆ ನೆಲದ ಮೇಲಿನ ಹಸಿರು ಖಣಗಳನ್ನು ನೋಡುತ್ತಿದ್ದರು. ಅವರಿಗೆ ಅರ್ಥವಾಯಿತೋ ಇಲ್ಲವೋ ತಿಳಿಯದು. ನಾನು ಅವರ ಕಣ್ಣು ತಪ್ಪಿಸಿದೆ. ಆದರೆ ಕೈ ತೆಗೆಯಲಿಲ್ಲ.

ಹುಗ್ಗಿ ಬಡಿಸಿದ ಹೆಂಗಸು ಮಾತ್ರ ಮೆಲ್ಲಗೆ ಹತ್ತಿರ ಬಂದಳು. ಬಟನ್ ನೋಡಿದಳು, ಅಡಿಕೆ ನೋಡಿದಳು. ತನ್ನ ಎಡಗೈಯನ್ನು ಸೆರಗಿನಲ್ಲಿ ಒರೆಸಿಕೊಂಡು, ಬಳೆ ಹಿಂದೆ ಸರಿಸಿ, ಆ ಅಂಗೈಯನ್ನೇ ನೋಡುತ್ತ ನಿಂತಳು.

"ಅಂದ್ರ ಅವತ್ತ ನೀವು ಬಿಚ್ಚಿದ್ದಿಲ್ಲೇನ್ರಿ?" ಎಂದು ಕೇಳಿದಳು.

"ಇಲ್ಲವ್ವಾ" ಎಂದೆ. "ಇವತ್ತ ಬಿಚ್ಚೀನಿ."